ನಮ್ಮತ್ತಿ, ಹೊಯ್ ಹೊಯ್!

“ಬರೂ ಗುರುವಾರದೊಳಗ ಈ ಗಲ್ಲಿಯವರ ಬಾಯಿಗೆ ಕೀಲಿ ಜಡೀಲಿಲ್ಲಂದ್ರ ನಾ ಬಾಳವ್ವನ ಅಲ್ಲ!”

ಶಹಾಪುರದ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಖಾಲಿ ಕೈಚೀಲವನ್ನು ಖಡ್ಗದಂತೆ ಝಳಪಿಸುತ್ತ ಬಾಳವ್ವ ಈ ಶಪಥ ಮಾಡಿದಾಗ ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ. ಒಬ್ಬ, ರೇಡಿಯೊ ರಿಪೇರಿಯ ಅಂಗಡಿ ಇಟ್ಟಿದ್ದ ಮಗ ಗುರುಸಿದ್ದ. ಅವನ ಮೂಗು ಯಾರದೋ ರೇಡಿಯೊದ ಹೊಟ್ಟೆಯೊಳಗಿತ್ತು. ಇನ್ನೊಬ್ಬಳು ಸೊಸೆ ಕಾಂತಾ. ಅವಳು ತಲೆ ಬಗ್ಗಿಸಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಪ್ಪು ಅವಳದಲ್ಲ. ಆದರೆ ಎಲ್ಲದಕ್ಕೂ ಕಾರಣ ಅವಳೇ.

“ಏನಾತವ್ವಾ?” ಎಂದ ಗುರುಸಿದ್ದ, ಮೂಗು ಹೊರತೆಗೆಯದೆ.

“ಆಗೂದೇನು! ಕಾಡವ್ವ ನನಗ ಬದನಿಕಾಯಿ ಕೊಡೂದಿಲ್ಲಂತ! ‘ಸೊಸಿ ಕೈ ಸುಟ್ಟಾಕಿಗೆ ನನ್ನ ಬದನಿಕಾಯಿ ಯಾಕ, ಅದನ್ನೂ ಸುಡಾಕೇನು?’ ಅಂದ್ಲು. ಖಾನಾಪುರದಿಂದ ಬುಟ್ಟಿ ಹೊತಗೊಂಡು ಬರೂ ಹೆಂಗಸು ನಡು ಬಜಾರದಾಗ ನನಗ ಅನ್ನೂ ಮಾತೇನೋ ಇದು?”

ಕಾಂತಾಳ ಎರಡೂ ಕೈಗಳು ಮೊರದ ಮೇಲೆ ಬೆಳ್ಳಗೆ, ನುಣ್ಣಗೆ ಇದ್ದವು. ಸುಟ್ಟದ್ದಿರಲಿ, ಕೆಂಪಾದ ಗುರುತೂ ಇರಲಿಲ್ಲ. ಬಾಳವ್ವ ಸೊಸೆಗೆ ಬಿಸಿ ತವೆಯನ್ನೂ ಮುಟ್ಟಗೊಡುತ್ತಿರಲಿಲ್ಲ.

ಸುಟ್ಟದ್ದು ಸುಶೀಲಾಳ ಕೈ. ಸುಶೀಲಾ ಗುರುವಾರ ಸಂಜೆಯ ರೇಡಿಯೊ ಧಾರಾವಾಹಿಯ ಸೊಸೆ. ಅವಳ ಅತ್ತೆ ಊಟ ಮುಚ್ಚಿಡುತ್ತಿದ್ದಳು, ಮಳೆಯಲ್ಲಿ ಹೊರಗೆ ನಿಲ್ಲಿಸುತ್ತಿದ್ದಳು, ಹೋದ ವಾರ ಸೌಟು ಕಾಯಿಸಿ ಕೈಗೆ ಒತ್ತಿದ್ದಳು. ಆ ಸುಶೀಲಾಳ ದನಿಯೇ ಕಾಂತಾ. ಅವಳು ಅತ್ತರೆ ಅಳು ಗಂಟಲಿನಿಂದ ಬರುತ್ತಿರಲಿಲ್ಲ. ಆಳದ ಬಾವಿಯಿಂದ ಹಗ್ಗ ಜಗ್ಗಿದಾಗ ತುಂಬಿದ ಕೊಡ ತುಳುಕುತ್ತ ಮೇಲೆ ಬರುವಂತೆ ಬರುತ್ತಿತ್ತು. ಆ ಅಳುವಿಗಾಗಿ ಗುರುವಾರ ಸಂಜೆ ಗಲ್ಲಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಹಗಲಿಡೀ ಖಟಖಟ ಎನ್ನುವ ಗಲ್ಲಿ ಆ ಹೊತ್ತಿಗೆ ಉಸಿರು ಹಿಡಿದು ಕೂರುತ್ತಿತ್ತು. ಮುಗಿದ ಮೇಲೆ ಹೆಂಗಸರು ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು, ಬಾಳವ್ವನ ಮನೆಯ ಕಡೆ ನೋಡಿ ನೆಲಕ್ಕೆ ಉಗುಳುತ್ತಿದ್ದರು.

ರೇಡಿಯೊದಲ್ಲಿ ಅತ್ತೆಯಾದವಳು ಬೇರೆ ಯಾರೋ, ದೂರದ ಊರಿನವಳು. ಅದು ಗಲ್ಲಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಗಲ್ಲಿಯ ಹತ್ತಿರ ಸಾಕ್ಷಿ ಇತ್ತು! ಆ ಸಾಕ್ಷಿಯನ್ನು ಒದಗಿಸಿದವಳು ಸ್ವತಃ ಬಾಳವ್ವ.

ರೆಕಾರ್ಡಿಂಗಿಗೆ ಹೋಗುವ ಮೊದಲು ಕಾಂತಾ ಮನೆಯಲ್ಲಿ ತಾಲೀಮು ಮಾಡುತ್ತಿದ್ದಳು. ಅಳುವವಳಿಗೆ ಅಳಿಸುವವರು ಬೇಕಲ್ಲ? ಗುರುಸಿದ್ದ ಅತ್ತೆಯ ಮಾತನ್ನು ವಾರ್ತೆ ಓದಿದಂತೆ ಓದುತ್ತಿದ್ದ. ಆಗ ಬಾಳವ್ವನೇ ಮುಂದೆ ಬಂದಳು. ಓದಲು ಬಾರದವಳು, ಕಾಂತಾ ಒಮ್ಮೆ ಹೇಳಿದರೆ ಸಾಕು, ಮಾತು ಮನಸ್ಸಿನಲ್ಲಿ ಕೂತುಬಿಡುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೊರಗ ಬೀಳ ಮನಿ ಬಿಟ್ಟು! ನಿನ್ನ ತವರವ್ರು ಬಂದ್ರ ಅವ್ರನ್ನೂ ಸುಡ್ತೀನಿ!” ಎಂದು ಆಕೆ ಗುಡುಗಿದರೆ ಅಟ್ಟದ ಮೇಲಿನ ಬೆಕ್ಕು ಮನೆ ಬಿಡುತ್ತಿತ್ತು. “ಬ್ಯಾಡ್ರೀ ಅತ್ತೀ, ಬ್ಯಾಡ್ರೀ!” ಎಂದು ಕಾಂತಾ ಬಾವಿಯ ಹಗ್ಗ ಜಗ್ಗುತ್ತಿದ್ದಳು. ಆಮೇಲೆ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದರು.

ಚಹಾ ಕುಡಿಯುವ ಸದ್ದು ಗೋಡೆ ದಾಟುವುದಿಲ್ಲ. ಗೋಡೆಯಾಚೆ ಇದ್ದವಳು ಬಳೆ ಮಾರುವ ಜೈತುನಬೀ. ಈ ಮನೆಯಲ್ಲಿ ಮೊದಲು ಕೇಳಿದ ಮಾತುಗಳೇ ಮುಂದೆ ಗುರುವಾರ ರೇಡಿಯೊದಲ್ಲಿ ಬರುವುದನ್ನು ಅವಳು ತನ್ನ ಕಿವಿಯಾರೆ ಕೇಳಿದ್ದಳು. ತೀರ್ಮಾನ ಸಹಜವಾಗಿತ್ತು: ಬಾಳವ್ವ ಮಾಡುತ್ತಾಳೆ, ಕಾಂತಾ ಹೋಗಿ ಹೇಳುತ್ತಾಳೆ, ರೇಡಿಯೊದವರು ಊರಿಗೆ ಸಾರುತ್ತಾರೆ! ಬಾಳವ್ವ ಮೊದಲೇ ಬಿಡಿಸಿ ಹೇಳಬಹುದಿತ್ತು. ಆದರೆ ಮುಂದಿನ ಕಥೆಯನ್ನು ಹೊರಗೆ ಬಿಡಕೂಡದೆಂದು ಕಾಂತಾಳಿಗೆ ತಾಕೀತಾಗಿತ್ತು. ಸೊಸೆಯ ಕೆಲಸಕ್ಕೆ ಕುತ್ತು ಬರಬಾರದೆಂದು ಬಾಳವ್ವ ಬಾಯಿ ಬಿಗಿಹಿಡಿದಿದ್ದಳು. ಬದನೆಕಾಯಿ ತಪ್ಪಿದ ಈ ದಿನ ಮಾತ್ರ, ಶಪಥ ಮುಗಿಸಿದವಳೇ, ತಡೆಯಲಾರದೆ ನೇರ ಜೈತುನಬೀಯ ಬಾಗಿಲಿಗೆ ಹೋದಳು.

“ಅದು ನಾಟಕದ ಮಾತ ತಂಗಿ. ಸುಮ್ನ ಅಂದ್ ತೋರಸೂದು.”

“ಹೌದಕ್ಕಾ,” ಎಂದಳು ಜೈತುನಬೀ, ಕಣ್ಣು ಬಳೆಯ ಮೇಲಿಟ್ಟು. “ನಾಟಕ ಮಾಡವ್ರೆಲ್ಲಾ ಹಂಗ ಅಂತಾರ.”

ಬಾಳವ್ವ ಮನೆಗೆ ಬಂದವಳೇ ಸೊಸೆಯ ಕೈಯಿಂದ ಮೊರ ಕಸಿದಳು. “ಇವತ್ತಿಂದ ನೀ ಅಳೂದು ಬಂದ್! ಗ್ವಾಡಿ ಆಚಿ ಕಡಿ ಹಾಡು ಕೇಳಬೇಕು. ನಗೂ ಕೇಳಬೇಕು.”

“ಯಾವ ಹಾಡ್ರೀ ಅತ್ತಿ? ನನಗ ಒಂದೂ ಬರೂದಿಲ್ಲ.”

“ನನಗ ಬರತೈತಿ.”

ಬಾಳವ್ವನಿಗೆ ಬರುತ್ತಿದ್ದದ್ದು ಒಂದೇ ಹಾಡು. ಅದನ್ನು ಕಟ್ಟಿದವಳೂ ಅವಳೇ. ಜಾಂಬೋಟಿಯ ಕಡೆಯ ಹಳ್ಳಿಯಲ್ಲಿ, ಮಳೆ ಹಗಲು ಇರುಳೆನ್ನದೆ ಗದ್ದೆಗೆ ಬೀಳುವ ದಿನಗಳಲ್ಲಿ, ಎಳೆ ಬಾಣಂತಿಯಾಗಿ ನಾಟಿಗೆ ಇಳಿದು ಬಂದವಳಿಗೆ ಅವಳ ಅತ್ತೆ ಸಿದ್ದಕ್ಕ ಬಡಿಸುತ್ತಿದ್ದದ್ದು ಒಲೆಯ ಮೇಲೆ ಉಕ್ಕಿ ಚೆಲ್ಲಿ ಉಳಿದ ಗಂಜಿ. ಅಕ್ಕಿಯ ಪೆಟ್ಟಿಗೆಗೆ ಕೀಲಿ. ಕೀಲಿಕೈ ಅತ್ತೆಯ ಸೊಂಟದಲ್ಲಿ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ಬಾಳವ್ವ ಆ ಸಂಕಟವನ್ನು ಹಿಟ್ಟಿನ ಜೊತೆ ನುಣ್ಣಗೆ ಬೀಸಿ ಹಾಡಾಗಿಸಿದ್ದಳು. ಅತ್ತೆ ಪಕ್ಕದಲ್ಲೇ ಮಲಗಿರುತ್ತಿದ್ದಳು. ಹೆದರಿಕೆ ಇರಲಿಲ್ಲ. ಸಿದ್ದಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ!

ಊರಿಗೆ ಕಿವಿ ಕೇಳುತ್ತಿತ್ತು. ಆದರೆ ಊರು ಕೇಳಲಿಲ್ಲ. “ಸಿದ್ದಕ್ಕ ದೇವರಂಥಾ ಹೆಂಗಸು, ಯಾರಿಗೂ ಎದುರು ಮಾತಾಡೂದಿಲ್ಲ” ಎನ್ನುತ್ತಿತ್ತು. ಕೇಳಿಸದವಳು ಎದುರು ಮಾತಾಡುವುದು ಹೇಗೆ?

ಅತ್ತೆ ತೀರಿಕೊಂಡ ಮೇಲೆ ಬಾಳವ್ವ ಆ ಕೀಲಿಯನ್ನು ಗದ್ದೆಯ ಕೆಸರಿಗೆ ಎಸೆದು, ಪೆಟ್ಟಿಗೆಯನ್ನು ಮಾತ್ರ ಶಹಾಪುರಕ್ಕೆ ತಂದಿದ್ದಳು. ಅಂದಿನಿಂದ ಅದರ ಕೊಂಡಿ ಖಾಲಿ. ಕಾಂತಾ ಯಾವಾಗ ಬೇಕಾದರೂ ಮುಚ್ಚಳ ತೆಗೆದು ಎಷ್ಟು ಬೇಕೋ ಅಷ್ಟು ಅಕ್ಕಿ ತೆಗೆದುಕೊಳ್ಳಬಹುದಿತ್ತು. ಬಾಳವ್ವನಿಗೆ ಇದ್ದ ದೊಡ್ಡ ಹೆಮ್ಮೆ ಅದೊಂದೇ.

ಆ ಸಂಜೆ ಗಲ್ಲಿಗೆ ಕೇಳಲೆಂದೇ ಬಾಗಿಲು ತೆರೆದಿಟ್ಟು, ಅತ್ತೆ ಕಲಿಸಿದ ಆ ಹಾಡನ್ನು ಕಾಂತಾ ಹಾಡಿದಳು:

ಅಕ್ಕಿಯ ಪೆಟಗೀಗಿ ಕೀಲಿಯ ಜಡದಾಳ
ಬೆಕ್ಕಿಗಿ ಬಟ್ಟಲ ಹಾಲ ಹೊಯ್ದಾಳ, ನಮ್ಮತ್ತಿ
ಉಕ್ಕಿದ ಗಂಜಿ ನನಗೆಂದಾಳ

ಬಾಳವ್ವ ಕಣ್ಣು ಮುಚ್ಚಿದಳು. ಇಷ್ಟು ವರ್ಷ ಕಲ್ಲಿನ ಸದ್ದಿನಡಿ ಹೂತಿದ್ದ ಮಾತುಗಳು ಎಂಥ ದನಿ ಹೊತ್ತು ಎದ್ದು ಬಂದಿದ್ದವು! ಹಾಡಿನ ಅತ್ತೆ ಯಾರೆಂದು ಅವಳಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಕೇಳಿದವರಿಗೆ ಗೊತ್ತಾಗಲಿಕ್ಕಿಲ್ಲ ಎಂಬ ಯೋಚನೆಯೇ ಸುಳಿಯಲಿಲ್ಲ.

ಮೊದಲು ಓಡಿ ಬಂದವನು ಜೈತುನಬೀಯ ಮಗ ಜಹಾಂಗೀರ. ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುವವನು, ಬಾಳವ್ವನನ್ನು ಚಿಕ್ಕಮ್ಮನೆಂಬಂತೆ ‘ಕಾಕು’ ಎನ್ನುವವನು. ಬೆಲ್ ಬಾಟಂ ಗಲ್ಲಿಯ ಧೂಳು ಗುಡಿಸುತ್ತಿತ್ತು.

“ಕಾಕು, ಏನ್ ಹಾಡು ಇದು! ಬಾಜು ಗಿಟಾರ್ ಹಾಕಿದ್ರ ಪಕ್ಕಾ ಪಾಪ್!”

“ಪಾಪ ಹೌದಪ್ಪಾ,” ಎಂದಳು ಬಾಳವ್ವ ನಿಟ್ಟುಸಿರಿಟ್ಟು. “ಭಾಳ ಪಾಪ ಮಾಡಿದ್ಲು ನಮ್ಮತ್ತಿ.”

ಜಹಾಂಗೀರ ಗಿಟಾರ್ ಹಾಕಿದ, ಡ್ರಮ್ಮು ಹಾಕಿದ. ‘ನಮ್ಮತ್ತಿ’ ಬಂದಲ್ಲೆಲ್ಲ ಹಿಂದಿನಿಂದ ಗಂಡಸರ ಗುಂಪು ‘ಹೊಯ್ ಹೊಯ್!’ ಎಂದು ಕೂಗುವಂತೆ ಮಾಡಿದ. ಕ್ಯಾಸೆಟ್ಟಿನ ಮೇಲೆ ಹಾಡು ಕಟ್ಟಿದವರ ಹೆಸರು ಹಾಕೋಣವೇ ಎಂದು ಕೇಳಿದಾಗ ಬಾಳವ್ವ ನಾಚಿಕೊಂಡಳು. “ನನ್ನ ಹೆಸರ್ಯಾಕೋ ಪ್ಯಾಟಿಯೊಳಗ? ಕಾಂತಾಂದು ಹಾಕು. ಸಾಕು.”

ಈ ಒಂದು ನಾಚಿಕೆಯನ್ನು ಆಕೆ ಸಾಯುವತನಕ ಶಪಿಸುವವಳಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ‘ನಮ್ಮತ್ತಿ’ ಬೆಳಗಾವಿಯನ್ನು ಗೆದ್ದಿತು. ಹೋಟೆಲ್ಲಿನಲ್ಲಿ ಅದೇ, ಬಸ್ಸಿನಲ್ಲಿ ಅದೇ, ಗಣಪತಿ ಮಂಟಪದಲ್ಲೂ ಅದೇ! ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಬೇಕೆಂದೇ ಹಚ್ಚುತ್ತಿದ್ದರು. ಒಂದು ಮದುವೆಯಲ್ಲಿ ಗಂಡಿನ ತಾಯಿ ಎಲೆಯ ಮುಂದಿನಿಂದ ಎದ್ದು ಹೋದಳು. ಇನ್ನೊಂದರಲ್ಲಿ ಧ್ವನಿವರ್ಧಕವೇ ಬಾವಿಗೆ ಬಿತ್ತು. ಖಾನಾಪುರದ ಮರಾಠಿ ಹುಡುಗರಿಗೆ ಕನ್ನಡದ ಸಾಲು ಪೂರ್ತಿ ಬಾರದಿದ್ದರೂ ‘ಹೊಯ್ ಹೊಯ್’ ಬರುತ್ತಿತ್ತು. ರೇಡಿಯೊದವರು ಸುಶೀಲಾಳನ್ನು ಜ್ವರದಿಂದ ಸಾಯಿಸಿ ಕಾಂತಾಳನ್ನು ಬಿಡುಗಡೆ ಮಾಡಿದರು. ಕಾಂತಾ ಚಮಕಿಯ ಸೀರೆಯುಟ್ಟು ವೇದಿಕೆ ಹತ್ತಿದಳು. ಸದಾಶಿವನಗರದ ದೊಡ್ಡ ಮನೆಗಳವರು ಕಾರು ಕಳಿಸಿ ಕರೆಸಿಕೊಂಡರು.

ಮತ್ತು ಬಾಳವ್ವ? ಮೊದಲು ಅವಳು ಬರೀ ಕೈ ಸುಡುವ ಅತ್ತೆಯಾಗಿದ್ದಳು. ಈಗ ಅಕ್ಕಿಗೆ ಕೀಲಿ ಜಡಿಯುವವಳು, ಬೆಕ್ಕಿಗೆ ಹಾಲೆರೆಯುವವಳು, ಗಂಜಿ ಬಡಿಸುವವಳು! ಮೊದಲು ಗಲ್ಲಿಗಷ್ಟೇ ಗೊತ್ತಿದ್ದಳು, ಈಗ ಜಿಲ್ಲೆಗೆ. ಜಾಂಬೋಟಿಯ ಬಸ್ಸು ಹತ್ತಿದರೆ ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು, “ಹೀಚ ತೀ ಸಾಸೂ!” ಎಂದ. ಇವಳೇ ಆ ಅತ್ತೆ ಎಂದು ಇಡೀ ಬಸ್ಸು ತಿರುಗಿತು. ಹಿಂದಿನ ಸೀಟಿನಿಂದ ಯಾರೋ ಸಣ್ಣಗೆ ‘ಹೊಯ್ ಹೊಯ್’ ಎಂದರು.

“ಅದು ನಾನಲ್ಲೋ ಯಪ್ಪಾ, ನಮ್ಮತ್ತಿ!” ಎಂದಳು ಬಾಳವ್ವ.

“ಹಾಂ, ಹಾಡಿನ್ಯಾಗೂ ಹಂಗ ಐತಿ,” ಎಂದ ಕಂಡಕ್ಟರ್. “ನಮ್ಮತ್ತಿ!”

ಖಾನಾಪುರದ ಶಾಲೆಯ ಮೈದಾನದಲ್ಲಿ ಕಾಂತಾಳ ಕಾರ್ಯಕ್ರಮವೆಂದು ಗೊತ್ತಾದಾಗ ಬಾಳವ್ವ ಎರಡನೆಯ ಶಪಥ ಮಾಡಿದಳು. “ನಾನೂ ಬರ್ತೀನಿ. ಮೈಕಿನ್ಯಾಗ ಎಲ್ಲಾರ ಮುಂದ ಖರೇ ಹೇಳ್ತೀನಿ. ಆಮ್ಯಾಲೆ ಯಾರ್ ಹೊಯ್ ಅಂತಾರ ನೋಡೂಣು!”

ಮಧ್ಯಾಹ್ನದ ಬಿಸಿಲಿಗೆ ಮೈದಾನ ತುಂಬಿತ್ತು. ಕಾಂತಾ ಹಾಡಿದಳು. ಜನ ಕುಣಿದರು. ಹಾಡು ಮುಗಿದೊಡನೆ ಬಾಳವ್ವ ಮೆಟ್ಟಿಲು ಹತ್ತಿ ಬಂದು ಸೊಸೆಯ ಕೈಯಿಂದ ಮೈಕು ತೆಗೆದುಕೊಂಡಳು. ಜನ ಗುರುತು ಹಿಡಿದರು. ‘ಹೊಯ್ ಹೊಯ್’ ಮೈದಾನದ ಆ ತುದಿಯಿಂದ ಈ ತುದಿಗೆ ಅಲೆಯಂತೆ ಬಂತು.

“ಸುಮ್ನಿರ್ರಿ!” ಎಂದಳು ಬಾಳವ್ವ. ತಾಲೀಮಿನ ದನಿ ಅದು. ಮೈದಾನ ಸುಮ್ಮನಾಯಿತು. “ಈ ಹಾಡು ಕಟ್ಟಿದಾಕಿ ನಾನು. ಹಸದು ಬೀಸಿದಾಕಿ ನಾನು. ಗಂಜಿ ಕುಡದಾಕಿ ನಾನು. ಕೀಲಿ ಜಡದಾಕಿ ನಮ್ಮತ್ತಿ ಸಿದ್ದಕ್ಕ, ಸತ್ತು ಭಾಳ ವರ್ಷಾತು. ಈ ನನ್ನ ಸೊಸಿನ ಕೇಳ್ರಿ, ಹೊಟ್ಟಿ ತುಂಬ ಉಣ್ಣದ ನಾ ಆಕಿನ್ನ ಎಂದಾದ್ರೂ ಏಳಿಸೇನೇನು? ಹೇಳು ಕಾಂತಾ!”

ಕಾಂತಾಳಿಗೆ ಹೇಳುವುದು ಬಹಳವಿತ್ತು. ಗಂಡನಿಗಿಂತ ಮೊದಲು ತನ್ನ ತಟ್ಟೆಗೆ ತುಪ್ಪ ಬಡಿಸಿದ ಅತ್ತೆ, ತನಗಾಗಿ ಗಲ್ಲಿಯ ಉಗುಳು ಸಹಿಸಿದ ಅತ್ತೆ, ಇಂದು ಬಿಸಿಲಲ್ಲಿ ನಿಂತು ಸಾವಿರ ಜನರೆದುರು ಸಾಕ್ಷಿ ಬೇಡುತ್ತಿದ್ದಳು. ಕಾಂತಾ ಬಾಯಿ ತೆರೆದಳು. ಜೀವನದಲ್ಲಿ ಮೊದಲ ಸಲ ಅವಳಿಗೆ ನಿಜವಾದ ಅಳು ಬಂತು.

“ಅತ್ತೀ...”

ಮೈಕಿನಲ್ಲಿ ಆ ಬಿಕ್ಕು ಹೊರಟಿತು. ಆಳದ ಬಾವಿ, ತುಂಬಿದ ಕೊಡ. ಆ ಅಳು ಮೈದಾನದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಗುರುವಾರ ಗುರುವಾರ ಕೇಳಿದ್ದರು.

“ಅಯ್ಯ, ನಮ್ಮ ಸುಶೀಲಾ!” ಎಂದಿತು ಒಂದು ದನಿ.

“ನಾಕ್ ಮಂದಿ ಎದುರಿಗೂ ಅಳಿಸಿದ್ಲಲ್ಲ ಮುದುಕಿ!” ಬುಟ್ಟಿ ಹಿಡಿದು ಎದ್ದು ನಿಂತವಳು ಕಾಡವ್ವ. ಬಾಳವ್ವ ಅಂದು ಬೇಡಿದ್ದ ಬದನೆಕಾಯಿ ಇಂದು ಕೇಳದೆಯೇ ಬಂತು, ಒಂದಾದ ಮೇಲೊಂದು, ಹಾರಿಕೊಂಡು.

ಶಹಾಪುರಕ್ಕೆ ಮರಳುವ ಕಾರು ದೇಸೂರು ದಾಟಿದ ಮೇಲೆ ಜಹಾಂಗೀರ ಮೆಲ್ಲಗೆ ಕೆಮ್ಮಿದ. “ಕಾಕು, ನೀವು ಮೈಕಿನ್ಯಾಗ ಛಲೋ ಬರ್ತೀರಿ. ಮುಂದಿನ ಕ್ಯಾಸೆಟ್ಟಿನ್ಯಾಗ ಬೈಗುಳದ ಭಾಗ ನಿಮಗ...” ಬಾಳವ್ವ ತಿರುಗಿ ನೋಡಿದಳು. ಅವನು ಮತ್ತೆ ಕೆಮ್ಮಲಿಲ್ಲ.

ಕಾಂತಾ ಅತ್ತೆಯ ಸೆರಗಿನಿಂದ ಬದನೆಯ ಬೀಜ ಬಿಡಿಸುತ್ತ, “ನೀವು ಎಂಥಾವ್ರು ಅಂತ ನನಗ ಗೊತ್ತೈತ್ರೀ ಅತ್ತಿ,” ಎಂದಳು.

“ನಿನಗೊಬ್ಬಾಕಿಗೆ ಗೊತ್ತಿದ್ದು ಏನ್ ಮಾಡೂಣವಾ? ನಮ್ಮತ್ತಿ ಎಂಥಾಕಿ ಅಂತ ನನಗೂ ಒಬ್ಬಾಕಿಗೇ ಗೊತ್ತಿತ್ತು.”

ಮರುದಿನ ಬೆಳಿಗ್ಗೆ ಜೈತುನಬೀ ಸಮಾಧಾನ ಹೇಳಲು ಬಂದಳು. ಕೂರುವ ಮೊದಲು ಗೋಡೆ ನೋಡಿದಳು. ಅಲ್ಲಿ ಗುರುಸಿದ್ದ ಹಾಕಿಸಿದ ಚೌಕಟ್ಟಿನಲ್ಲಿ, ಒಣಗಿದ ಮಾಲೆಯ ನಡುವೆ, ಸಿದ್ದಕ್ಕ ಕೂತಿದ್ದಳು. ಏನನ್ನೂ ಕೇಳಿಸಿಕೊಳ್ಳದ ಕಿವಿಗಳು, ಯಾವುದಕ್ಕೂ ಕದಡದ ಮುಖ.

“ಇವರ ನಿಮ್ಮತ್ತಿ ಏನಕ್ಕಾ?” ಜೈತುನಬೀ ಹತ್ತಿರ ಹೋಗಿ ನೋಡಿದಳು. “ಮುಖದಾಗ ಎಷ್ಟ ಶಾಂತ ಕಳಾ ಐತ್ರೀ! ಇಂಥಾ ಅತ್ತಿ ಕೈಯಾಗ ಬಾಳ್ವಿ ಮಾಡಿ, ನೀವ್ಯಾಕಕ್ಕಾ ಹಿಂಗಾದ್ರಿ?”

ಹೊರಗೆ ಮಗ್ಗಗಳು ಶುರುವಾಗಿದ್ದವು. ಬಾಳವ್ವ ಅಂಗಡಿಗೆ ಹೊರಟಿದ್ದ ಮಗನನ್ನು ಕರೆದಳು.

“ಗುರುಸಿದ್ದಾ, ಬರೂ ಮುಂದ ಒಂದು ಕೀಲಿ ತಗೊಂಬಾ.”

“ಎದಕ್ಕವ್ವಾ?”

“ಅಕ್ಕಿ ಪೆಟಗಿಗೆ. ಹೆಸರಂತೂ ಬಂದೈತಿ. ಕೆಲಸಾನರೆ ಮಾಡಿ ಸಾಯ್ತೀನಿ!”