ಕೊಕ್ಕರೆ ತಂಡದ ಗಾಯಾಳು ಪಟ್ಟಿ ಮತ್ತು ರಾದಾಮೆಸನ ಕಣ್ಣು

ಆ ಚಳಿಗಾಲದ ಬೇಸ್‌ಬಾಲ್ ಋತುವಿನ ಆರನೇ ವಾರ ಮುಗಿಯುವ ಹೊತ್ತಿಗೆ ವಿಲ್ಯಾ ಗಾರ್ಸಾ ಊರಿನ ಕೊಕ್ಕರೆ ತಂಡದ ಇಪ್ಪತ್ತೆಂಟು ಆಟಗಾರರಲ್ಲಿ ಹದಿನೇಳು ಮಂದಿ ಗಾಯಾಳು ಪಟ್ಟಿಯಲ್ಲಿದ್ದರು. ಇವರಲ್ಲಿ ಒಬ್ಬನಿಗೂ ಚೆಂಡು ತಗುಲಿರಲಿಲ್ಲ. ಚೆಂಡೆಸೆಯುವ ಎಡಗೈ ಪಿಚರ್ ಒಂದು ಸೀನು ಸೀನಿ ಬೆನ್ನು ಹಿಡಿಸಿಕೊಂಡಿದ್ದ. ಓಟಗಾರರ ಮೊದಲ ನಿಲ್ದಾಣವಾದ ಮೊದಲ ಬೇಸ್ ಕಾಯುವವನು ಜನರತ್ತ ಟೋಪಿ ಬೀಸಿ ಭುಜ ಕಳಚಿಕೊಂಡಿದ್ದ. ಹೊಡೆಯುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಇವರಿಬ್ಬರನ್ನೂ ನೋಡಿ ಬರಲು ಆಸ್ಪತ್ರೆಗೆ ಹೋಗಿ, ಮೆಟ್ಟಿಲ ಮೇಲೆ ಜಾರಿ, ಅವರ ಪಕ್ಕದ ಹಾಸಿಗೆಯಲ್ಲೇ ಮಲಗಿದ್ದ. ಉಳಿದ ಹದಿನಾಲ್ಕು ಮಂದಿ ಮೈದಾನದಲ್ಲಿ ಓಡುವಾಗ ಕಾಲು ಉಳುಕಿಸಿಕೊಂಡಿದ್ದರು.

ಕ್ಲಬ್ಬಿನ ಆಡಳಿತ ಮಂಡಳಿ ಸುಮ್ಮನೆ ಕೂರಲಿಲ್ಲ. ವೈದ್ಯರಿಂದ ವರದಿ ತರಿಸಿಕೊಂಡಿತು. ಮೈದಾನದ ತುಂಬ ಗುಂಡಿಗಳಿವೆ ಎಂದು ವೈದ್ಯರು ಬರೆದರು. ಮೈದಾನ ನೋಡಿಕೊಳ್ಳುವ ಗುತ್ತಿಗೆ ಅಧ್ಯಕ್ಷರ ಬಾವಮೈದನದಾಗಿದ್ದರಿಂದ ಗುಂಡಿಗಳು ಕಾರಣವಲ್ಲ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ತಂಡದ ಬಸ್ಸಿನಲ್ಲಿ ಸೀಟುಗಳಿಲ್ಲ ಎಂದು ವೈದ್ಯರು ಮತ್ತೆ ಬರೆದರು. ಬಸ್ಸು ಇನ್ನೊಬ್ಬ ಬಾವಮೈದನದು. ಮೂರನೇ ಸಲ ವೈದ್ಯರು ಏನೂ ಬರೆಯಲಿಲ್ಲ. ಹೀಗೆ ಒಂದೊಂದೇ ಕಾರಣ ವೈಜ್ಞಾನಿಕವಾಗಿ ಬಿದ್ದುಹೋಗಿ ಕೊನೆಗೆ ಉಳಿದದ್ದು ಕಣ್ಣು.

ವಿಲ್ಯಾ ಗಾರ್ಸಾದಲ್ಲಿ ಕಣ್ಣಿನ ವಿಚಾರ ಯಾರಿಗೂ ಹೊಸದಲ್ಲ. ಅಲ್ಲಿ ಹುಟ್ಟಿದ ಪ್ರತಿ ಕೂಸಿನ ಮುಂಗೈಗೂ ಕರಿಮಣಿ ಕಟ್ಟುತ್ತಾರೆ. ಯಾರನ್ನಾದರೂ ಹೊಗಳಿದರೆ ಉಸಿರು ಬಿಡುವ ಮೊದಲೇ 'ದೇವರು ಕಾಪಾಡಲಿ' ಎನ್ನಬೇಕು, ಅದೂ ಕೇಳಿಸುವಂತೆ. ಮರೆತರೆ ಕೂಸಿಗೆ ಜ್ವರ, ಮೇಕೆಗೆ ಭೇದಿ. ಹಗೆಯ ಕಣ್ಣಿಗಿಂತ ಅಕ್ಕರೆಯ ಕಣ್ಣೇ ಬೇಗ ತಗಲುತ್ತದೆ ಎಂಬುದು ಅಲ್ಲಿನ ಎಲ್ಲರ ಅನುಭವ.

ಮೂರನೇ ಬೇಸಿನ ಹಿಂದೆ, ಸಿ ಸಾಲಿನ ಹದಿನಾಲ್ಕನೇ ಸೀಟಿನಲ್ಲಿ ಮೂವತ್ತೊಂದು ವರ್ಷದಿಂದ ಕೂರುತ್ತಿದ್ದವನು ಕ್ಷೌರಿಕ ರಾದಾಮೆಸ್ ಪೋಲಾಂಕೊ. ಅದಕ್ಕೂ ಮೊದಲು ಅಲ್ಲಿ ಅವನ ಅಪ್ಪ ಕೂರುತ್ತಿದ್ದ. ಹೊಗಳುವುದರಲ್ಲಿ ರಾದಾಮೆಸನ ಗಂಟಲು ಊರಿಗೇ ದೊಡ್ಡದು. ತಂಡದ ಶಾರ್ಟ್‌ಸ್ಟಾಪ್ ವಿಲ್ಕಿನ್ ಕಂಡರಂತೂ ಅವನಿಗೆ ಪ್ರಾಣ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಆ ಹುಡುಗನ ಮೊದಲ ಕೂದಲು ತೆಗೆದವನು ಇವನೇ. ಪ್ರತಿ ಆಟಕ್ಕೂ ಮುಂಚೆ ವಿಲ್ಕಿನ್ ಸಿ ಸಾಲಿನ ಕಡೆ ತಿರುಗಿ ಎರಡು ಬೆರಳೆತ್ತುತ್ತಿದ್ದ. ಅಷ್ಟಾದರೆ ರಾದಾಮೆಸನಿಗೆ ವಾರವಿಡೀ ಹೊಟ್ಟೆ ತುಂಬಿದಂತೆ.

ಕ್ಲಬ್ಬಿನ ಗಾಯ ನಿವಾರಣಾಧಿಕಾರಿ ದೋನ್ಯಾ ಒಲೈದಾ ಪೆಗೇರೊ ಅವನನ್ನು ಕಚೇರಿಗೆ ಕರೆಸಿದಳು. ಹೆಂಗಸರಿಗೆ ದೋನ್ಯಾ, ಗಂಡಸರಿಗೆ ದೋನ್ ಎನ್ನುವುದು ಅಲ್ಲಿನ ಮರ್ಯಾದೆ.

"ದೋನ್ ರಾದಾಮೆಸ್, ಎರಡನೇ ಭಾನುವಾರ ನೀವು 'ಏನ್ ಭುಜಾನಪ್ಪಾ ಅದು, ಎತ್ತಿನ ಭುಜ!' ಅಂತ ಕೂಗಿದ್ದು ನಿಜಾನಾ?"

"ನಿಜ ಮೇಡಂ. ಎತ್ತಿನ ಭುಜಾನೇ ಅದು."

"ಆಮೇಲೆ ನಾಲ್ಕು ನಿಮಿಷಕ್ಕೆ ಭುಜ ಕಳಚಿತು. 'ದೇವರು ಕಾಪಾಡಲಿ' ಅಂದ್ರಾ?"

"ಅಂದೆ ಮೇಡಂ."

"ಯಾರೂ ಕೇಳಿಸ್ಕೊಂಡಿಲ್ವಲ್ಲ?"

"ಬಾಯಿ ತುಂಬ ಹುರಿದ ಬಾಳೆಕಾಯಿ ಇತ್ತು. ಮನಸ್ಸಲ್ಲೇ ಅಂದೆ."

"ಮನಸ್ಸಲ್ಲಿ ಅಂದಿದ್ದಕ್ಕೆ ಸಾಕ್ಷಿ?"

ಸಾಕ್ಷಿ ಇರಲಿಲ್ಲ. ಮರುದಿನ ಕ್ರೀಡಾಂಗಣದ ಬಾಗಿಲಿಗೆ ಪ್ರಕಟಣೆ ಅಂಟಿಸಿದರು.

'ಈ ಮೂಲಕ ಸಮಸ್ತ ಅಭಿಮಾನಿಗಳ ಗಮನಕ್ಕೆ ತರುವುದೇನೆಂದರೆ, ಶ್ರೀ ರಾದಾಮೆಸ್ ಪೋಲಾಂಕೊ, ಕ್ಷೌರಿಕರು, ಇವರು ತಂಡವನ್ನು ಮಿತಿಮೀರಿ ಪ್ರೀತಿಸುತ್ತಿರುವುದು ವಿಚಾರಣೆಯಲ್ಲಿ ಸಾಬೀತಾಗಿರುತ್ತದೆ. ಸದರಿಯವರನ್ನು ಅಧಿಕೃತ ದೃಷ್ಟಿದಾರರೆಂದು ಘೋಷಿಸಿ, ಸಿ ಸಾಲಿನ ಹದಿನಾಲ್ಕನೇ ಸೀಟನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಸದರಿ ದೃಷ್ಟಿಯು ವ್ಯರ್ಥವಾಗಬಾರದೆಂಬ ಹಿತದೃಷ್ಟಿಯಿಂದ, ಅವರನ್ನು ಮುಂದಿನ ಆದೇಶದವರೆಗೆ ಬೋಕಾ ನೆಗ್ರಾದ ಏಡಿ ತಂಡದ ಕ್ರೀಡಾಂಗಣಕ್ಕೆ ನಿಯೋಜನೆ ಮೇರೆಗೆ ಕಳುಹಿಸಲಾಗಿದೆ.'

ಏಡಿಗಳೆಂದರೆ ಕೊಕ್ಕರೆಗಳ ಬದ್ಧವೈರಿಗಳು. ರಾದಾಮೆಸನ ಅಪ್ಪ ಬದುಕಿರುವವರೆಗೂ ಮನೆಯಲ್ಲಿ ಏಡಿ ಬೇಯಿಸಿರಲಿಲ್ಲ. ಈಗ ಮಗ ಏಡಿ ತಂಡದ ಕೆಂಪು ಅಂಗಿ ತೊಟ್ಟು ಬಸ್ಸು ಹತ್ತಬೇಕು. ಅವನಿಗೆ ಅಳು ಬಂತು. ಹೆಂಡತಿ ನೆರೈದಾ ಅಂಗಿಗೆ ಇಸ್ತ್ರಿ ಹಾಕುತ್ತಾ ಸಮಾಧಾನ ಹೇಳಿದಳು.

"ನಿನ್ ಕಣ್ಣು ಕೆಟ್ಟದ್ದು ಅಂತ ಇವರಿಗೆ ಈಗ ಗೊತ್ತಾಯ್ತಾ? ಮೂವತ್ತು ವರ್ಷ ಸಂಸಾರ ಮಾಡಿದೀನಿ. ಒಂದಿನ ನಂಗೆ 'ಎಷ್ಟು ಚೆನ್ನಾಗಿದೀಯೇ' ಅಂದಿಲ್ಲ ನೀನು. ಅದಕ್ಕೇ ನೋಡು, ಗುಂಡುಕಲ್ಲಿನ ಹಾಗಿದೀನಿ."

"ನೆರೈದಾ, ನನ್ ಸೀಟು ಹೋಯ್ತು ಕಣೇ."

"ಹೋಗಿ ಅವರಲ್ಲಿ ನಾಲ್ಕು ಜನರ ಕೈಕಾಲು ಮುರ್ದು ಬಾ. ಸೀಟು ತಾನಾಗಿ ಬರುತ್ತೆ."

ಆದರೆ ಬೋಕಾ ನೆಗ್ರಾದಲ್ಲಿ ಮೂರು ಆಟ ಮುಗಿದರೂ ಏಡಿಗಳಲ್ಲಿ ಒಬ್ಬನಿಗೂ ಉಗುರು ಕಿತ್ತುಹೋಗಲಿಲ್ಲ. ರಾದಾಮೆಸ್ ಪ್ರಾಮಾಣಿಕವಾಗಿ ಹೊಗಳಿದ್ದ. 'ಎಂಥಾ ಓಟ, ಎಂಥಾ ಓಟ' ಎಂದು ಗಂಟಲು ಕಟ್ಟುವಷ್ಟು ಕೂಗಿದ್ದ. ದೋನ್ಯಾ ಒಲೈದಾ ಅವನನ್ನು ಮತ್ತೆ ಕರೆಸಿ, ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲ ಎಂದು ಕಡತದಲ್ಲಿ ಬರೆದಳು.

"ಬಾಯಲ್ಲಿ ಹೊಗಳಿದ್ರೆ ತಗಲಲ್ಲ ದೋನ್ ರಾದಾಮೆಸ್. ಒಳಗಿಂದ ಬರ್ಬೇಕು. ನೀವು ಅವರನ್ನ ಪ್ರೀತಿಸ್ತಿಲ್ಲ."

"ಏಡಿಗಳನ್ನ ಹೇಗೆ ಪ್ರೀತಿಸೋದು ಮೇಡಂ?"

"ಹದಿನೈದು ದಿನ ಕಾಲಾವಕಾಶ ಇದೆ. ಆದೇಶದ ಎರಡನೇ ಪುಟ ನೋಡಿ."

ಎರಡನೇ ಪುಟದಲ್ಲಿ ಹದಿನೈದು ದಿನದೊಳಗೆ ಪ್ರೀತಿಸತಕ್ಕದ್ದು ಎಂದು ಸ್ಪಷ್ಟವಾಗಿತ್ತು. ತಪ್ಪಿದಲ್ಲಿ ಸೀಟನ್ನು ಖಾಯಮ್ಮಾಗಿ ಅಧ್ಯಕ್ಷರ ಮೂರನೇ ಬಾವಮೈದನಿಗೆ ವಹಿಸಲಾಗುವುದು ಎಂದೂ ಇತ್ತು.

ರಾದಾಮೆಸ್ ಪಟ್ಟು ಹಿಡಿದು ಕಲಿತ. ಏಡಿ ಆಟಗಾರರ ಹೆಸರು, ಊರು, ಅವರ ತಾಯಂದಿರ ಹೆಸರು ಬಾಯಿಪಾಠ ಮಾಡಿದ. ಅಭ್ಯಾಸದ ದಿನಗಳಲ್ಲೂ ಹೋಗಿ ಬೇಲಿ ಹಿಡಿದು ನಿಂತ. ಅಲ್ಲಿ ಯೆಫ್ರಿ ಎಂಬ ಕ್ಯಾಚರ್ ಇದ್ದ, ಅಗಲ ಕಿವಿಯವನು. ಚೆಂಡು ಬಿಟ್ಟಾಗಲೆಲ್ಲ ಅದಕ್ಕೇ 'ಕ್ಷಮಿಸು' ಎನ್ನುತ್ತಿದ್ದ. ಒಂದು ದಿನ ರಾದಾಮೆಸ್ ತಡೆಯಲಾರದೆ ಬೇಲಿಯಾಚೆಯಿಂದ ಅವನನ್ನು ಕರೆದ.

"ಲೋ, ನಿನ್ ಕೂದಲು ಯಾವ ಕಟುಕ ಕತ್ತರಿಸಿದ್ದು?"

"ನಮ್ಮಮ್ಮ, ದೋನ್."

"ಬಾ ಇಲ್ಲಿ. ಕಿವಿ ಮೇಲೆ ಸ್ವಲ್ಪ ಬಿಡ್ಬೇಕು ಕಣೋ, ಆಗ ಕಿವಿ ಕಿವಿ ಥರ ಕಾಣುತ್ತೆ."

ಕತ್ತರಿ ಅವನ ಜೇಬಿನಲ್ಲೇ ಇರುತ್ತಿತ್ತು. ಅಲ್ಲೇ ಬೇಲಿ ಪಕ್ಕ ಕೂರಿಸಿ ಕತ್ತರಿಸಿದ. ಹದಿಮೂರನೇ ದಿನ ಯೆಫ್ರಿ ಚೆಂಡನ್ನು ಎರಡನೇ ಬೇಸಿಗೆ ಎಸೆದ ಚಂದಕ್ಕೆ ರಾದಾಮೆಸ್ ಎದ್ದು ನಿಂತು, ಆದೇಶ, ಪುಟ, ಸೀಟು ಎಲ್ಲ ಮರೆತು ಕೂಗಿದ: "ಅಯ್ಯೋ ನನ್ನಪ್ಪನೇ, ಏನ್ ಕೈ ಮಗನೇ ನಿಂದು!" ಮುಂದಿನ ಎಸೆತಕ್ಕೆ ಯೆಫ್ರಿಯ ಮೊಣಕೈ ಹಿಡಿದುಕೊಂಡಿತು. ಅವನನ್ನು ಹೊತ್ತೊಯ್ಯುವಾಗ ರಾದಾಮೆಸ್ ಬಿಕ್ಕಿ ಬಿಕ್ಕಿ ಅತ್ತ. ಕ್ಲಬ್ಬಿನಿಂದ ಹೋಗಿದ್ದ ಪರಿವೀಕ್ಷಕನು ಪಕ್ಕದಲ್ಲೇ ಕೂತು 'ಕಣ್ಣೀರು ಅಸಲಿ, ಎರಡೂ ಕಣ್ಣು' ಎಂದು ನಮೂದಿಸಿಕೊಂಡ.

ಇದರಿಂದ ಕಚೇರಿಯಲ್ಲಿ ಒಂದು ತಾಂತ್ರಿಕ ಪ್ರಶ್ನೆ ಎದ್ದಿತು. ಒಬ್ಬ ಅಭಿಮಾನಿ ಏಕಕಾಲಕ್ಕೆ ಎರಡು ತಂಡಗಳನ್ನು ಪ್ರೀತಿಸಲು ನಿಯಮಗಳಲ್ಲಿ ಅವಕಾಶವಿಲ್ಲ. ರಾದಾಮೆಸ್ ಏಡಿಗಳನ್ನು ಪ್ರೀತಿಸುತ್ತಿರುವುದು ದೃಢಪಟ್ಟಿದೆ. ಆದ್ದರಿಂದ ಅವನು ಕೊಕ್ಕರೆಗಳನ್ನು ಪ್ರೀತಿಸುತ್ತಿಲ್ಲ. ಆದ್ದರಿಂದ ಅವನ ಕಣ್ಣು ಕೊಕ್ಕರೆಗಳಿಗೆ ತಗಲುವುದಿಲ್ಲ. ಆದ್ದರಿಂದ ಅವನು ತನ್ನ ಸೀಟಿಗೆ ಮರಳಬಹುದು. ಒಂದು ಸಣ್ಣ ಪರೀಕ್ಷೆ ಮಾತ್ರ ಬಾಕಿ. ದೋನ್ಯಾ ಒಲೈದಾ ಅವನ ನಾಡಿ ಹಿಡಿದು, ಮೇಜಿನ ಮೇಲೆ ವಿಲ್ಕಿನ್‌ನ ಫೋಟೋ ಇಟ್ಟಳು.

"ಇವರು ಯಾರು?"

ರಾದಾಮೆಸ್ ಇನ್ನೊಂದು ಕೈಯಲ್ಲಿ ಫೋಟೋ ಎತ್ತಿಕೊಂಡು ನೋಡಿದ.

"ಗೊತ್ತಿಲ್ಲ ಮೇಡಂ. ಕೂದಲು ಮಾತ್ರ ಯಾರೋ ಚೆನ್ನಾಗಿ ಕತ್ತರಿಸಿದಾರೆ."

ಅವನಿಗೆ ನಿರ್ಮೋಹ ಪತ್ರ ಸಿಕ್ಕಿತು. ಅವನು ಸೀಟಿಗೆ ಬಂದ ವಾರವೇ ಉಳುಕಿದ ಕಾಲುಗಳು ವಾಸಿಯಾಗಿ ಹದಿನಾಲ್ಕು ಮಂದಿಯೂ ಆಟಕ್ಕೆ ಮರಳಿದರು; ಆಸ್ಪತ್ರೆಯ ಮೂವರೂ ಹಾಸಿಗೆ ಬಿಟ್ಟೆದ್ದರು. ಗಾಯವಾಗಿ ಆಗಲೇ ಎರಡು ತಿಂಗಳಾಗಿದ್ದುದು ಕಾಕತಾಳೀಯ. ಯೋಜನೆ ಯಶಸ್ವಿಯಾಗಿದೆ ಎಂದು ಮಂಡಳಿ ಸಿಹಿ ಹಂಚಿ, ಇನ್ನು ಮುಂದೆ ಕ್ರೀಡಾಂಗಣ ಪ್ರವೇಶಿಸುವ ಪ್ರತಿಯೊಬ್ಬರೂ ನಿರ್ಮೋಹ ಪತ್ರ ಹೊಂದಿರತಕ್ಕದ್ದು ಎಂದು ಆದೇಶಿಸಿತು. ಊರಿಗೆ ಊರೇ ಸಾಲಿನಲ್ಲಿ ನಿಂತಿತು. ನೆರೈದಾ ಮೂರು ದಿನ ಕನ್ನಡಿ ಮುಂದೆ ಕೂತು ಮುಖ ಗಂಟಿಕ್ಕುವುದನ್ನು ಅಭ್ಯಾಸ ಮಾಡಿ ಮೊದಲ ಯತ್ನದಲ್ಲೇ ತೇರ್ಗಡೆಯಾದಳು. ವಿಲ್ಕಿನ್‌ನ ತಾಯಿ ಎರಡು ಸಲ ನಪಾಸಾಗಿ ಮೂರನೇ ಸಲ ಪಾಸಾದಳು.

ಏಡಿಗಳ ವಿರುದ್ಧದ ಕೊನೆಯ ಪಂದ್ಯದ ಮಧ್ಯಾಹ್ನ ನಾಲ್ಕು ಸಾವಿರದ ಇನ್ನೂರು ಮಂದಿ ಕ್ರೀಡಾಂಗಣದಲ್ಲಿದ್ದರು. ತಂಡದ ಬಗ್ಗೆ ಯಾವುದೇ ಆಸಕ್ತಿ ಇಲ್ಲವೆಂದು ಪ್ರತಿಯೊಬ್ಬರ ಜೇಬಿನಲ್ಲೂ ಪತ್ರವಿತ್ತು. ಚಪ್ಪಾಳೆ ಇರಲಿಲ್ಲ, ತಮಟೆ ಇರಲಿಲ್ಲ. ವಿಲ್ಕಿನ್ ಮೈದಾನಕ್ಕಿಳಿದು, ಸಿ ಸಾಲಿನತ್ತ ತಿರುಗಿ ಎರಡು ಬೆರಳೆತ್ತಿದ. ರಾದಾಮೆಸ್ ತನ್ನ ಚಪ್ಪಲಿ ನೋಡುತ್ತಾ ಕೂತ. ಅಷ್ಟು ಕಷ್ಟದ ಕೆಲಸ ಅವನು ಜೀವಮಾನದಲ್ಲಿ ಮಾಡಿರಲಿಲ್ಲ.

ಒಂಬತ್ತನೇ ಸರದಿ, ಅದೇ ಕೊನೆಯದು. ಕೊಕ್ಕರೆಗಳು ಒಂದು ಓಟ ಮುಂದಿದ್ದರು. ಏಡಿಗಳ ಕೊನೆಯ ಹೊಡೆತ ಎತ್ತರಕ್ಕೆ ಹೋಯಿತು. ವಿಲ್ಕಿನ್ ಹಿಂದಕ್ಕೋಡಿ, ಹಾರಿ ಚೆಂಡು ಹಿಡಿದ. ಕೊಕ್ಕರೆಗಳು ಪಂದ್ಯ ಗೆದ್ದರು. ಇಳಿಯುವಾಗ ಅವನ ಕಾಲು ಬಾವಮೈದನ ಗುಂಡಿಯೊಂದಕ್ಕೆ ಹೋಯಿತು. ಬಿದ್ದವನು ಏಳಲಿಲ್ಲ.

ಯಾರೂ ಕೂಗಲಿಲ್ಲ. ದೋನ್ಯಾ ಒಲೈದಾ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಎಲ್ಲರೂ ಆಕಾಶ ನೋಡುತ್ತಿದ್ದರು. ರಾದಾಮೆಸ್ ತುಟಿ ಬಿಗಿಹಿಡಿದು, ಹಲ್ಲಿನ ಒಳಗೇ ಹೇಳಿದ: ದೇವರು ಕಾಪಾಡಲಿ. ಇನ್ನೊಮ್ಮೆ ಹೇಳಿದ. ಪಕ್ಕದಲ್ಲಿ ನೆರೈದಾಳ ಗಂಟಲಿನಿಂದ ಅದೇ ಬಂತು. ಅವಳ ಹಿಂದೆ ವಿಲ್ಕಿನ್‌ನ ತಾಯಿಯದು. ಒಂದು ನಿಮಿಷದಲ್ಲಿ ಇಡೀ ಕ್ರೀಡಾಂಗಣ, ಬಾಯಿ ಮುಚ್ಚಿಕೊಂಡೇ, ಗುಂಯ್ ಎನ್ನತೊಡಗಿತು.

ವಿಲ್ಕಿನ್ ಎದ್ದು ಕೂತ. ಪಾದ ತಿರುಗಿಸಿ ನೋಡಿದ. ಎದ್ದು ನಿಂತು, ಮೊಣಕಾಲಿನ ಮಣ್ಣು ಕೊಡವಿ, ಕುಂಟದೆ ನಡೆದುಹೋದ.

"ಏನದು ಸದ್ದು?" ದೋನ್ಯಾ ಒಲೈದಾ ಸಿ ಸಾಲಿಗೆ ಬಂದು ಕೇಳಿದಳು.

"ಜೇನು ಇರ್ಬೇಕು ಮೇಡಂ," ಎಂದ ರಾದಾಮೆಸ್.

"ನಿಮ್ಮ ಕಣ್ಣು ಯಾಕೆ ಕೆಂಪಾಗಿದೆ?"

"ಕಚ್ಚಿಬಿಡ್ತು."

ಅವಳು ನೆರೈದಾಳ ಕಡೆ ನೋಡಿದಳು.

"ನಂಗೂ ಕಚ್ಚಿತು ಮೇಡಂ. ಎರಡೂ ಕಣ್ಣಿಗೆ."

ದೋನ್ಯಾ ಒಲೈದಾ ಕ್ರೀಡಾಂಗಣದ ಸುತ್ತ ಒಮ್ಮೆ ನೋಡಿದಳು. ಕರವಸ್ತ್ರ ತೆಗೆದು ತನ್ನ ಕಣ್ಣನ್ನೂ ಒರೆಸಿಕೊಂಡಳು. ಆಮೇಲೆ ಕಡತ ಬಿಚ್ಚಿದಳು.

ಋತುವಿನ ಅಂತಿಮ ಗಾಯಾಳು ಪಟ್ಟಿ ಮರುದಿನ ಬೆಳಿಗ್ಗೆ ಬಾಗಿಲಿಗೆ ಅಂಟಿಸಲ್ಪಟ್ಟಿತು. ಆಟಗಾರರು: ಇಲ್ಲ. ಅಭಿಮಾನಿಗಳು: ನಾಲ್ಕು ಸಾವಿರದ ಇನ್ನೂರು. ಗಾಯದ ಸ್ವರೂಪ: ಜೇನು ಕಡಿತ. ಗೂಡಿಗೆ ಹೊಗೆ ಹಾಕಿಸುವ ಗುತ್ತಿಗೆಯನ್ನು ಅಧ್ಯಕ್ಷರ ಮೂರನೇ ಬಾವಮೈದನಿಗೆ ಕೊಡಲಾಯಿತು. ಅವನು ಈಗಲೂ ಪ್ರತಿ ಪಂದ್ಯಕ್ಕೆ ಮುಂಚೆ ಖಾಲಿ ಸೂರಿನ ಕೆಳಗೆ ಹೊಗೆ ಹಾಕುತ್ತಾನೆ. ರಾದಾಮೆಸ್ ಹದಿನಾಲ್ಕನೇ ಸೀಟಿನಲ್ಲಿ ಕೂತು ಕೆಮ್ಮುತ್ತಾ, ಈ ಸಲ ಜೇನು ಸ್ವಲ್ಪ ಜಾಸ್ತಿ ಎನ್ನುತ್ತಾನೆ. ಅಕ್ಕಪಕ್ಕದವರು ಹೌದು ಎನ್ನುತ್ತಾರೆ.