ಮಂಗನ ಸೂತಕ

ಶಾಲೆಯಲ್ಲಿ ವಿಕಾಸವಾದ ಹೇಳಿಕೊಟ್ಟ ಮಾಸ್ತರನಿಗೆ ಫಜೀತಿಗೆ ಬರವಿಲ್ಲ. ಮೂವತ್ತರ ದಶಕದಲ್ಲಿ ನಾನು ಸಿದ್ದಾಪುರದಲ್ಲಿದ್ದಾಗ ತಿಂಗಳಿಗೊಂದಾದರೂ ಆಗುತ್ತಿತ್ತು. ಆ ಪಾಠ ಪುಸ್ತಕದಲ್ಲಿ ಇರಲೇ ಇಲ್ಲ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದ ಹುರುಪಿನಲ್ಲಿ ನಾನೇ ತಂದು ತುರುಕಿದ್ದು.

ಅಜ್ಜನ ಸಾಕ್ಷಿ

ಮನುಷ್ಯನಿಗೂ ಮಂಗನಿಗೂ ಪೂರ್ವಜ ಒಬ್ಬನೇ ಎಂದು ಹೇಳಿದ ಮರುದಿನ, ಬನವಾಸಿ ಕಡೆಯಿಂದ ಬಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ವ್ಯಾಪಾರಿಯೊಬ್ಬರು ತಮ್ಮ ಅಜ್ಜನನ್ನೇ ತರಗತಿಗೆ ಕರೆತಂದು ನಿಲ್ಲಿಸಿದರು.

"ನೋಡ್ರಿ ಮಾಸ್ತರ, ಇವರು ನಮ್ಮಜ್ಜ. ಬಾಲ ಎಲ್ಲೈತಿ ತೋರಸ್ರಿ."

ಅಜ್ಜನೇ ಕೋಲೂರಿಕೊಂಡು ಮುಂದೆ ಬಂದರು. "ನನ್ನ ಮಾತು ಬಿಡ್ರಿ. ಈ ಮೊಮ್ಮಗನ ಆಟ ನೋಡಿದಾಗೆಲ್ಲ ನನಗೂ ಹಂಗ ಅನಸ್ತೈತಿ."

ಗಂಟೆಯ ಉಪಾಯ

ದೂರು ಹೆಚ್ಚಾದಾಗ ಹೆಡ್ ಮಾಸ್ತರರು ರಾಜಿ ಮಾಡಿಸಿದರು. "ಮೀನು ಹೇಳಿ, ಕಪ್ಪೆ ಹೇಳಿ, ಮಂಗನವರೆಗೂ ಬನ್ನಿ. ಅಲ್ಲಿಗೆ ಬಂದ ಕೂಡಲೇ ಗಂಟೆ ಹೊಡೆಸ್ತೇನೆ." ಹಾಗೇ ವಾರಗಟ್ಟಲೆ ನಡೆಯಿತು. ಇನ್‌ಸ್ಪೆಕ್ಟರ್ ಸಾಹೇಬರು ಬಂದು, "ಎಲ್ಲಿಯವರೆಗೆ ಆಗಿದೆ?" ಎಂದು ಕೇಳಿದಾಗ ಇಡೀ ತರಗತಿ ಎದ್ದು ಕೂಗಿತು: "ಮಂಗನವರೆಗೆ, ಸರ್!"

ಸಾಹೇಬರು ನನ್ನನ್ನೂ ಪಕ್ಕದಲ್ಲಿದ್ದ ಹೆಡ್ ಮಾಸ್ತರರನ್ನೂ ನಿಧಾನವಾಗಿ ನೋಡಿ, "ಕಾಣಿಸ್ತದೆ" ಎಂದರು.

ನಂಬಿದವರು ಒಬ್ಬರೇ

ಇದನ್ನು ಹೇಳಲು ನನಗೆ ಈಗಲೂ ನಾಚಿಕೆ.

ಏಳನೇ ಇಯತ್ತೆಯಲ್ಲಿ ಇದ್ದವಳು ಒಬ್ಬಳೇ ಹುಡುಗಿ, ಮನ್ಮನೆ ಕಡೆಯವಳು. ವರ್ಷದ ಕೊನೆಗೆ ಸರಕಾರ ನಡೆಸುವ ಮುಲ್ಕಿ ಪರೀಕ್ಷೆ ಪಾಸಾಗಿ ತಾನೂ ಶಾಲೆಯಲ್ಲಿ ಕಲಿಸಬೇಕೆಂದು ಅವಳ ಆಸೆ. ಮನೆಯವರು ಒಪ್ಪಿದ್ದು ಆ ಒಂದು ವರ್ಷಕ್ಕೆ ಮಾತ್ರ. ಗಂಟೆ ಹೊಡೆದು ನಿಂತ ಪಾಠವನ್ನು ಅವಳು ನನ್ನ ಹತ್ತಿರ ಕೇಳಿ ತಿಳಿದುಕೊಂಡು, ಅಪ್ಪನಿಗೂ ಹೇಳಿದ್ದಳು.

ಪರೀಕ್ಷೆಗೆ ವಾರವಿದ್ದಾಗ ಆ ಅಪ್ಪ ಶಾಲೆಗೆ ಬಂದರು. ಇನ್ನೊಂದು ಜಗಳ ಎಂದುಕೊಂಡೆ. ಅವರು ಅಂಗಳದಲ್ಲೇ ದೂರ ನಿಂತರು.

"ಮಾಸ್ತರ್ರೇ, ತೋಟದಲ್ಲಿ ಒಂದು ಮಂಗ ಸತ್ತು ಬಿದ್ದಿದ್ದು. ನಿಮ್ಮ ಪಾಠದಲ್ಲಿ ಅದು ಎಂಗಳ ಕುಲದ್ದೇ ಅಲ್ದಾ? ಸೂತಕ ಎಷ್ಟು ದಿನ ಹಿಡೀಬೇಕು? ದೂರದ ಸಂಬಂಧ, ಮಿಂದರೆ ಸಾಕಾ?"

ಹೌದು, ಸಾಕು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಜೊತೆಯ ಮಾಸ್ತರರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರನ್ನು ಇನ್ನಷ್ಟು ನಗಿಸುವ ಚಪಲ ನನಗೆ.

"ಮೂಲಪುರುಷ ಒಬ್ಬನೇ ಅಂದಮೇಲೆ ರಿಯಾಯಿತಿ ಎಲ್ಲಿಂದ? ಹತ್ತು ದಿನ ಪೂರ್ತಿ!" ಎಂದೆ. ಅವರು ತಲೆಯಾಡಿಸಿ ಹೋದರು.

ಮರುದಿನದಿಂದ ಹುಡುಗಿ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡು ಸುಮ್ಮನಿದ್ದೆ. ಶಿರಸಿಯಲ್ಲಿ ಪರೀಕ್ಷೆ ನಡೆದಾಗಲೂ ಅವಳ ಜಾಗ ಖಾಲಿ. ಹನ್ನೊಂದನೆಯ ದಿನ ಅಪ್ಪ ಮಗಳು ಇಬ್ಬರೂ ಮಿಂದು ಬಂದು ನಿಂತರು.

"ಶುದ್ಧ ಆತು ಮಾಸ್ತರ್ರೇ. ಇನ್ನು ಇವಳ ಪರೀಕ್ಷೆ ತಗಳಿ. 'ಮಾಸ್ತರ್ರೇ ಹೇಳಿದ ಸೂತಕ, ಪರೀಕ್ಷೆಗೂ ಅವರೇ ಕಾಯ್ತ' ಹೇಳಿ ಇವಳಿಗೆ ಸಮಾಧಾನ ಮಾಡಿದ್ದೆ."

ಇಡೀ ತಾಲೂಕಿನಲ್ಲಿ ನನ್ನ ಪಾಠವನ್ನು ಪೂರ್ತಿ ನಂಬಿದವರು ಅವರೊಬ್ಬರೇ. ನಾನು ಮೋಸ ಮಾಡಿದ್ದು ಅವರಿಗೇ. ಪರೀಕ್ಷೆ ಮುಗಿದುಹೋಯಿತು ಎಂದಷ್ಟೇ ಹೇಳಿದೆ. ತಮಾಷೆಗೆ ಅಂದದ್ದು ಎಂಬುದನ್ನು ಮುಚ್ಚಿಟ್ಟೆ. ಅವರು ಹೆಡ್ ಮಾಸ್ತರರನ್ನು ಕೇಳಿಕೊಳ್ಳಲು ಒಳಗೆ ಓಡಿದರು.

ಹುಡುಗಿ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು.

"ಮಾಸ್ತರ್ರೇ, ಇಲಿಗೂ ನಮಗೂ ಮೂಲ ಒಂದೇ ಹೇಳಿ ಅಪ್ಪಯ್ಯಂಗೆ ಮಾತ್ರ ಹೇಳ್ಬೇಡಿ. ಮನೆಲಿ ಬೆಕ್ಕು ಇದ್ದು. ತಂಗಿಯಾದ್ರೂ ಶಾಲೆ ಕಲೀಲಿ."