ಹನ್ನೆರಡರ ಲೆಕ್ಕದ ವರ

ಬೈಲಹೊಂಗಲದ ಗಣಿತ ಮಾಸ್ತರು ನಿಂಗರಾಜ ಅವರಿಗೆ ಹತ್ತರ ಎಣಿಕೆ ಎಂದರೆ ಮೈಯುರಿ. "ಹತ್ತನ್ನ ಮೂರು ಮಂದಿಗೆ ಸಮ ಹಂಚ್ರಿ ನೋಡೂಣು! ಹನ್ನೆರಡಾದ್ರ ಇಬ್ಬರಿಗೂ ಬರತೈತಿ, ಮೂವರಿಗೂ, ನಾಲ್ವರಿಗೂ ಬರತೈತಿ" ಎಂದು ಹೆಬ್ಬೆರಳನ್ನು ಉಳಿದ ಬೆರಳುಗಳ ಹನ್ನೆರಡು ಗೆಣ್ಣುಗಳ ಮೇಲೆ ಓಡಿಸುತ್ತಿದ್ದರು. ಅವರ ಲೆಕ್ಕದಲ್ಲಿ 10 ಎಂದು ಬರೆದರೆ ಒಂದು ಡಜನ್, 20 ಎಂದರೆ ಎರಡು ಡಜನ್.

ಮೊನ್ನೆಯಷ್ಟೇ ಅವರಿಗೆ ಮೂವತ್ತಾರು ತುಂಬಿತ್ತು. ಮದುವೆ ಮಾತ್ರ ಆಗಿರಲಿಲ್ಲ.

1998ರ ಆ ರವಿವಾರ ಹೆಣ್ಣು ಗಂಡು ಕೂಡಿಸುವ ಗಂಗಯ್ಯ ಬೆಳಿಗ್ಗೆಯೇ ಬಂದು ಕೂತ.

"ಸವದತ್ತಿ ಬಳೆ ಅಂಗಡಿ ಪರಸಪ್ಪನ ಮಗಳು ಮೀನಾ. ಸಾಲಿ ಟೀಚರ, ವಯಸ್ಸು ಇಪ್ಪತ್ತೆಂಟು. ಆದ್ರ ವರಗ ಮೂವತ್ತು ದಾಟಿರಬಾರದು, ಹನ್ನೆರಡು ಎಕರೆ ಹೊಲ ಇರಬೇಕಂತ. ನಿಮ್ಮ ವಿವರ ಬರಕೊಡ್ರಿ."

ಹೆಸರು ಕೇಳಿದ್ದೇ ಮಾಸ್ತರು ನೆಟ್ಟಗೆ ಕೂತರು. ಧಾರವಾಡದ ಶಿಕ್ಷಕರ ತರಬೇತಿಯಲ್ಲಿ ಅವರ ಹನ್ನೆರಡರ ಭಾಷಣಕ್ಕೆ ಸಭೆಯೆಲ್ಲ ಆಕಳಿಸುವಾಗ ಒಬ್ಬಾಕೆ ಮಾತ್ರ ಕಣ್ಣರಳಿಸಿ ಕೇಳಿದ್ದಳು. ಆಕೆಯೇ ಮೀನಾ!

ಸುಳ್ಳು ಹೇಳಿ ಗೊತ್ತಿಲ್ಲ, ಆಕೆಯನ್ನು ಬಿಡಲು ಮನಸ್ಸಿಲ್ಲ. ತಟ್ಟನೆ ಹೊಳೆಯಿತು. ಮೂವತ್ತಾರೆಂದರೆ ಮೂರು ಡಜನ್. ಚೀಟಿಯಲ್ಲಿ ವಯಸ್ಸು 30 ಎಂದು ಬರೆದರು. ಆದರೆ ಒಂದನ್ನು ಹನ್ನೆರಡರಲ್ಲಿ, ಇನ್ನೊಂದನ್ನು ಹತ್ತರಲ್ಲಿ ಬರೆದರೆ ಅದು ಮೋಸವಲ್ಲವೇ? ಹನ್ನೆರಡು ಎಕರೆ ಹೊಲವನ್ನೂ ನಿಷ್ಠೆಯಿಂದ 10 ಎಂದೇ ಬರೆದರು.

ಮಧ್ಯಾಹ್ನ ಸವದತ್ತಿಯ ಹೆಣ್ಣಿನ ಮನೆಯಲ್ಲಿ ಅವಲಕ್ಕಿ, ಚಹಾ ಬಂದವು. ಪರಸಪ್ಪ ಚೀಟಿ ಓದಿದ.

"ವಯಸ್ಸು ಬರೋಬ್ಬರಿ ಐತಿ. ಹೊಲ ಹತ್ತೇ ಎಕರೆ? ಆಗೂದಿಲ್ಲ ಬಿಡ್ರಿ."

ಮಾಸ್ತರು ಗಾಬರಿಬಿದ್ದರು. "ಅಯ್ಯೋ, ಹನ್ನೆರಡು ಐತ್ರಿ! ನಾ ಡಜನ್ ಲೆಕ್ಕದಾಗ ಬರದೇನಿ!"

ನಲವತ್ತು ವರ್ಷ ಡಜನ್ ಲೆಕ್ಕದಲ್ಲಿ ಬಳೆ ಮಾರಿದವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಪರಸಪ್ಪ ನಕ್ಕ. ಆಮೇಲೆ ಅವನ ಕಣ್ಣು ಮೇಲಿನ ಸಾಲಿಗೆ ಹೋಯಿತು, ನಗು ನಿಂತಿತು.

"ಹಂಗಾರ ಈ ಮೂವತ್ತು ಅಂದ್ರ ಮೂರು ಡಜನ್! ಮೂವತ್ತಾರು! ಏನ್ರಿ ಮಾಸ್ತರ, ಹಾಡಹಗಲೇ ಆರು ವರ್ಷ ನುಂಗಿದ್ರೆಲ್ಲ!"

ಗಂಗಯ್ಯ ಉಳಿದ ಅವಲಕ್ಕಿಯನ್ನು ಒಂದೇ ತುತ್ತಿಗೆ ಮುಗಿಸಿ ಚಪ್ಪಲಿ ಹುಡುಕತೊಡಗಿದ.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಮೀನಾ ಬಂದಳು. "ಅಪ್ಪಾ, ನನ್ನ ವಯಸ್ಸು 28 ಅಂತ ಬರಿಸಿದಾಂವ ಯಾರು?"

ಪರಸಪ್ಪ ಕೆಮ್ಮಿದ.

"ಇವರ ಲೆಕ್ಕದಾಗ 28 ಅಂದ್ರ ಎರಡು ಡಜನ್, ಮ್ಯಾಲ ಎಂಟು. ಅಂದ್ರ ಮೂವತ್ತೆರಡು. ನನ್ನ ಖರೇ ವಯಸ್ಸ! ಇವರಿಗೆ ಕೊಟ್ರ ನೀ ಸುಳ್ಳು ಹೇಳಿಲ್ಲ. ಬ್ಯಾರೆದವರಿಗೆ ಕೊಟ್ರ ನೋಡು ಮತ್ತ."

ಪರಸಪ್ಪ ಒಮ್ಮೆ ಮಗಳನ್ನು, ಒಮ್ಮೆ ಚೀಟಿಯನ್ನು ನೋಡಿದ. ಕೊನೆಗೆ ಅವನೇ ಮೊದಲು ನಕ್ಕ, ಮನೆಯೆಲ್ಲ ನಕ್ಕಿತು. ಗಂಗಯ್ಯ ಚಪ್ಪಲಿ ಬಿಟ್ಟು ಬಂದು ಇನ್ನೊಂದು ತಾಟು ಅವಲಕ್ಕಿ ಕೇಳಿದ.

"ಆದ್ರ ನನ್ನ ಬಿ.ಎಡ್. ಮುಗೀಲಿ" ಎಂದು ಮೀನಾ ಅದೇ ಚೀಟಿಯ ಕೆಳಗೆ '10 ತಿಂಗಳು' ಎಂದು ಬರೆದಳು.

"ಹತ್ತೇ ತಿಂಗಳು! ಕಣ್ಣ ಮುಚ್ಚಿ ತೆಗೆಯೂದ್ರಾಗ ಹೋಗತಾವ್ರಿ!" ಎಂದು ಮಾಸ್ತರು ಹಿಗ್ಗಿದರು.

ಮೀನಾ ಹೆಬ್ಬೆರಳನ್ನು ಕಿರುಬೆರಳ ಗೆಣ್ಣಿಗಿಟ್ಟು ಎಣಿಸತೊಡಗಿದಳು. ಹತ್ತಕ್ಕೆ ಅದು ನಿಲ್ಲಲಿಲ್ಲ. ಹನ್ನೊಂದು... ಹನ್ನೆರಡು.

ಮಾಸ್ತರು ಪೆಚ್ಚಾಗಿ ಕೂತರು. ಲೆಕ್ಕ ಅವರದೇ, ಬೇಡ ಅನ್ನುವುದು ಹೇಗೆ? ಪರಸಪ್ಪನೂ ತನ್ನ ಗೆಣ್ಣು ಎಣಿಸಿ ತಲೆಯೆತ್ತಿದ.

"ಅಲ್ರಿ ಮಾಸ್ತರ, ಅಷ್ಟೊತ್ತಿಗೆ ನಿಮಗ ಮೂರು ಡಜನ್, ಮ್ಯಾಲ ಒಂದು. ನಿಮ್ಮ ಲೆಕ್ಕದಾಗೂ ಮೂವತ್ತು ದಾಟತೈತೆಲ್ಲ!"